ಶಿಕ್ಷಣಮಾಧ್ಯಮಗಳೂ ಅಂತರರಾಷ್ಟ್ರೀಯ ಪಾರಿತೋಷಕಗಳೂ

ಬಾನುಲಿಯ ಪಾಠವು ಪ್ರಸಾರವಾದೊಡನೆ ಮರೆಯಾಗುತ್ತದೆ; ಒಂದು ನಾಡಿನ ಉತ್ತಮ ಪಾಠವು ಇನ್ನೊಂದು ನಾಡಿನ ಅಧ್ಯಾಪಕನಿಗೆ ತಿಳಿಯುವುದೇ ಇಲ್ಲ. ಈ ಕೊರತೆಯನ್ನು ನೀಗಲು ಪಾರಿತೋಷಕಗಳು ನೆರವಾಗುವುವೇ ಎಂಬುದನ್ನು ನಾವು ಇಲ್ಲಿ ವಿಚಾರಿಸೋಣ.

ಜಪಾನಿನ ಪ್ರಸಾರಸಂಸ್ಥೆಯಾದ ಎನ್‌ಎಚ್‌ಕೆ 1959ರಲ್ಲಿ ಶಿಕ್ಷಣಕ್ಕೆಂದೇ ಪ್ರತ್ಯೇಕ ದೂರದರ್ಶನ ವಾಹಿನಿಯನ್ನು ತೆರೆಯಿತು. 1965ರಲ್ಲಿ ‘ಜಪಾನ್ ಪ್ರೈಜ್’ ಎಂಬ ಅಂತರರಾಷ್ಟ್ರೀಯ ಸ್ಪರ್ಧೆಯನ್ನು ಸ್ಥಾಪಿಸಿತು. ಶೈಕ್ಷಣಿಕ ಕಾರ್ಯಕ್ರಮಗಳ ಗುಣವರ್ಧನೆ ಹಾಗೂ ರಾಷ್ಟ್ರಗಳ ಪರಸ್ಪರ ತಿಳಿವಳಿಕೆ ಅದರ ಧ್ಯೇಯಗಳು. ಮೊದಲು ಬಾನುಲಿ, ದೂರದರ್ಶನಗಳಿಗೆ ಮೀಸಲಾಗಿದ್ದ ಈ ಸ್ಪರ್ಧೆಯು 2008ರಲ್ಲಿ ಅಂತರ್ಜಾಲಾದಿ ಮಾಧ್ಯಮಗಳಿಗೂ ವಿಸ್ತರಿಸಿತು. ನಾನಾ ದೇಶಗಳ ಕೃತಿಗಳು ಒಂದೆಡೆ ಸೇರಿ ತುಲನೆಗೆ ಒಳಗಾಗುವುದೇ ಇದರ ಮುಖ್ಯ ಲಾಭ.

ಆದರೆ ತೀರ್ಪುಗಾರರು ನೋಡುವುದು ಕೃತಿಯನ್ನು, ತರಗತಿಯನ್ನಲ್ಲ. 1975-76ರಲ್ಲಿ ಉಪಗ್ರಹದ ಮೂಲಕ ಭಾರತದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಪಾಠಗಳು ತಲುಪಿದುವು. ನಮ್ಮ ರಾಯಚೂರು, ಗುಲಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿದ್ದುವು. ಅಲ್ಲಿ ಕಾರ್ಯಕ್ರಮದ ಸೊಗಸಿನಷ್ಟೇ ಯಂತ್ರದ ದುರಸ್ತಿ, ಭಾಷೆಯ ಸರಳತೆ, ಉಪಾಧ್ಯಾಯರ ಆಸಕ್ತಿಗಳೂ ಮುಖ್ಯವಾಗಿದ್ದುವು.

ಆದುದರಿಂದ ಪಾರಿತೋಷಕಗಳು ಬೆಳೆಯಲಿ. ಆದರೆ ಕೃತಿಯ ಜೊತೆಗೆ ಅದರ ಬಳಕೆಯನ್ನೂ ಅಳೆಯಲಿ ಎಂಬುದೇ ನಮ್ಮ ಅಭಿಪ್ರಾಯ.