ಚೈನ್‌ಸಾ ಯಂತ್ರಕ್ಕೆ ಸರಪಳಿ ಮತ್ತು ಗೈಡ್ ಬಾರ್‌ಗಳ ಆಯ್ಕೆ

ಮರ ಕೊಯ್ಯುವ ಕಾರ್ಯದಲ್ಲಿ ಚೈನ್‌ಸಾ ಯಂತ್ರವು ಕೊಡಲಿ ಗರಗಸಗಳ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿದೆ. ಮಲೆನಾಡಿನ ಕಾಫಿ ತೋಟಗಳಲ್ಲಿ ನೆರಳಿನ ಮರಗಳ ಕೊಂಬೆ ಸವರುವುದಕ್ಕೂ ಅದು ಬಳಕೆಗೆ ಬಂದಿದೆ. ಯಂತ್ರದ ಶಕ್ತಿಯನ್ನು ಕುರಿತು ವಿವರವಾಗಿ ವಿಚಾರಿಸುವ ಕೊಳ್ಳುಗನು, ಸರಪಳಿ ಸವೆದಾಗ ಮಾತ್ರ 'ಹದಿನೆಂಟು ಇಂಚಿನದು' ಎಂದಷ್ಟೇ ಹೇಳಿ ಹೊಸದನ್ನು ತರುವುದುಂಟು. ಉದ್ದವೊಂದೇ ಆಯ್ಕೆಗೆ ಆಧಾರವಾಗಲಾರದು. ಅಳತೆ ತಪ್ಪಿದ ಸರಪಳಿಯಿಂದ ಯಂತ್ರ ಕೆಡುವುದಲ್ಲದೆ ಕೆಲಸಗಾರನ ಪ್ರಾಣಕ್ಕೂ ಅಪಾಯವುಂಟು. ಆದುದರಿಂದ ಈ ವಿಷಯವನ್ನು ನಾವು ಇಲ್ಲಿ ಸಂಗ್ರಹವಾಗಿ ವಿವೇಚಿಸುತ್ತೇವೆ.

ಮೊದಲನೆಯದು ಪಿಚ್. ಅನುಕ್ರಮವಾಗಿರುವ ಮೂರು ರಿವೆಟ್‌ಗಳಲ್ಲಿ ಮೊದಲನೆಯದರ ಮಧ್ಯದಿಂದ ಮೂರನೆಯದರ ಮಧ್ಯಕ್ಕಿರುವ ದೂರವನ್ನು ಅಳೆದು, ಅದನ್ನು ಎರಡರಿಂದ ಭಾಗಿಸಿದರೆ ಪಿಚ್ ದೊರೆಯುತ್ತದೆ. ಅಳೆದ ದೂರವು 0.65 ಇಂಚಾದರೆ ಪಿಚ್ 0.325, 0.75 ಇಂಚಾದರೆ 3/8. ಕಣ್ಣಿಗೆ ಈ ಎರಡೂ ಒಂದೇ ಎಂಬಂತೆ ತೋರಬಹುದು. ಆದರೆ ಯಂತ್ರದ ಹಲ್ಲುಗಾಲಿ, ಸರಪಳಿ, ಮತ್ತು ಬಾರ್‌ನ ಮೂತಿಯಲ್ಲಿ ಹಲ್ಲುಗಾಲಿಯಿದ್ದರೆ ಅದೂ ಸಹ, ಒಂದೇ ಪಿಚ್ಚಿನವಾಗಿರಬೇಕು.

ಎರಡನೆಯದು ಗೇಜ್, ಎಂದರೆ ಬಾರ್‌ನ ತೋಡಿನಲ್ಲಿ ಜಾರುವ ಚಾಲಕ ಕೊಂಡಿಯ ದಪ್ಪ. ರೂಢಿಯಲ್ಲಿರುವ ಗೇಜುಗಳು 0.043, 0.050, 0.058 ಮತ್ತು 0.063 ಇಂಚು. 0.050ಕ್ಕೂ 0.058ಕ್ಕೂ ಇರುವ ಅಂತರ ಸುಮಾರು 0.2 ಮಿಲಿಮೀಟರ್ ಮಾತ್ರ. ಆದರೂ ದಪ್ಪ ಕೊಂಡಿಯು ಕಿರಿದಾದ ತೋಡಿಗೆ ಇಳಿಯದು. ತೆಳು ಕೊಂಡಿಯು ಅಗಲವಾದ ತೋಡಿನಲ್ಲಿ ಪಕ್ಕಕ್ಕೆ ವಾಲುವುದರಿಂದ ಕೊಯ್ತವು ಸೊಟ್ಟಾಗುತ್ತದೆ.

ಮೂರನೆಯದು ಚಾಲಕ ಕೊಂಡಿಗಳ ಸಂಖ್ಯೆ. ಬಾರ್‌ಗಳ ಉದ್ದ ಒಂದೇ ಆದರೂ ಯಂತ್ರದ ರಚನೆಗನುಸಾರವಾಗಿ ಈ ಸಂಖ್ಯೆ ಬೇರೆಯಾಗಬಹುದು. ಹಳೆಯ ಸರಪಳಿಯ ಕೊಂಡಿಗಳನ್ನು ಎಣಿಸಿ ನೋಡುವುದೇ ನಿಶ್ಚಿತವಾದ ಮಾರ್ಗ. ಬಹುತೇಕ ಬಾರ್‌ಗಳ ಹಿಂತುದಿಯಲ್ಲಿ ಈ ಮೂರು ಅಂಕಗಳೂ ಕೆತ್ತಲ್ಪಟ್ಟಿರುತ್ತವೆ.

ಇನ್ನು ಬಾರ್‌ನ ಉದ್ದ. ನಿತ್ಯ ಕೊಯ್ಯುವ ಮರದ ವ್ಯಾಸಕ್ಕಿಂತ ಅದು ತುಸು ಹೆಚ್ಚಾಗಿದ್ದರೆ ಸಾಕು. ಯಂತ್ರದ ಶಕ್ತಿಗೆ ಮೀರಿದ ಉದ್ದನೆಯ ಬಾರನ್ನು ತೊಡಿಸಿದರೆ ಸರಪಳಿಯ ವೇಗ ಕುಂದುತ್ತದೆ; ಎಣ್ಣೆಯೂ ಸಾಕಷ್ಟು ತಲುಪದೆ ಹೋಗಬಹುದು. ಬಾರ್‌ನ ಮೂತಿಯ ಮೇಲ್ಭಾಗವು ಮರಕ್ಕೆ ತಗುಲಿದಾಗ ಯಂತ್ರವು ಕ್ಷಣಾರ್ಧದಲ್ಲಿ ಕೆಲಸಗಾರನ ಕಡೆಗೆ ಚಿಮ್ಮುತ್ತದೆ. ಕಿಕ್‌ಬ್ಯಾಕ್ ಎಂಬ ಈ ಒದೆತವೇ ಅತ್ಯಂತ ಭೀಕರವಾದುದು. ಕಿರಿದಾದ ಮೂತಿಯ ಬಾರ್ ಹಾಗೂ ರಕ್ಷಕ ಕೊಂಡಿಗಳುಳ್ಳ ಸರಪಳಿ ಇದನ್ನು ತಗ್ಗಿಸುತ್ತವೆ, ಸಂಪೂರ್ಣವಾಗಿ ನಿವಾರಿಸಲಾರವು.

ಹಲ್ಲಿನ ಆಕಾರವನ್ನು ಮರವೇ ನಿರ್ಧರಿಸುತ್ತದೆ. ಇಂದಿನ ಹಲ್ಲುಗಳ ಮೂಲರೂಪವನ್ನು ಅಮೆರಿಕದ ಜೋಸೆಫ್ ಕಾಕ್ಸ್ ಎಂಬಾತನು 1946ರಲ್ಲಿ, ಮರ ಕೊರೆಯುವ ಹುಳುವಿನ ದವಡೆಗಳನ್ನು ನೋಡಿ ಕಲ್ಪಿಸಿದನು. ಚೂಪು ಮೂಲೆಯ ಹಲ್ಲು ಶುಭ್ರವಾದ ಹಸಿಮರದಲ್ಲಿ ಶೀಘ್ರವಾಗಿ ಸಾಗುತ್ತದೆ. ಆದರೆ ಮಣ್ಣು ತಾಗಿದೊಡನೆ ಮೊಂಡಾಗುತ್ತದೆ. ದುಂಡು ಮೂಲೆಯ ಹಲ್ಲು ತುಸು ನಿಧಾನ. ಒಣಗಿದ, ಗಡಸಾದ, ಧೂಳು ಹಿಡಿದ ಮರದಲ್ಲಿ ಅದರ ಹರಿತ ಹೆಚ್ಚು ಕಾಲ ನಿಲ್ಲುತ್ತದೆ. ತೇಗದಲ್ಲಿ ಸಿಲಿಕಾ ಅಂಶವಿರುವುದರಿಂದ ಅದನ್ನು ಕೊಯ್ಯುವವರಿಗೆ ಎರಡನೆಯದೇ ಮೇಲೆಂದು ನಮ್ಮ ಅಭಿಪ್ರಾಯ. ಅರ ಹಾಕುವಾಗಲೂ ಸರಪಳಿಗೆ ತಕ್ಕ ದುಂಡು ಅರವನ್ನೇ ಬಳಸಬೇಕು: 0.325 ಪಿಚ್ಚಿಗೆ ಸಾಮಾನ್ಯವಾಗಿ 4.8 ಮಿಲಿಮೀಟರ್.

ಒಟ್ಟಿನಲ್ಲಿ, ಪಿಚ್, ಗೇಜ್ ಮತ್ತು ಸಂಖ್ಯೆಗಳು ಯಂತ್ರವು ವಿಧಿಸುವ ನಿಯಮಗಳು. ಉದ್ದ ಮತ್ತು ಹಲ್ಲಿನ ಆಕಾರಗಳು ಮಾತ್ರ ನಮ್ಮ ವಿವೇಚನೆಗೆ ಬಿಟ್ಟವು. ಮೊದಲಿನ ಮೂರನ್ನು ಬರೆದುಕೊಂಡೇ ಅಂಗಡಿಗೆ ಹೋಗುವುದು ಕ್ಷೇಮ.