ಸೋತದ್ದೆಷ್ಟು ಎಂದು ಕೇಳಿದರೆ ಸಿಗದ ಉತ್ತರ

ಹದಿಮೂರರ ಹುಡುಗ ಜೂಜಿಗೆ ಬಿದ್ದಿದ್ದಾನೆಂದು ಪತ್ತೆಹಚ್ಚುವುದು ಹೇಗೆ? ದೊಡ್ಡವರಾದರೆ ಕೈಸಾಲ, ಅಡವಿಟ್ಟ ಒಡವೆ, ಮಾರಿದ ಸೈಟು ಸಾಕ್ಷಿ ಹೇಳುತ್ತವೆ. ಇವನ ಬಳಿ ಕಳೆಯಲು ಇರುವುದೇ ಬಸ್ ಚಾರ್ಜು, ತಿಂಡಿ ಕಾಸು. ಮೊತ್ತ ನೋಡಿದರೆ ಯಾರೂ ಗಾಬರಿಯಾಗುವುದಿಲ್ಲ.

ಬ್ರಿಟನ್ನಿನ ಸಂಶೋಧಕಿ ಸೂ ಫಿಶರ್ 1992ರಲ್ಲಿ ಮಕ್ಕಳಿಗೆಂದೇ ಪ್ರಶ್ನಾವಳಿ ಸಿದ್ಧಪಡಿಸಿದರು. ಅಲ್ಲಿನ ಕಡಲತೀರದ ಊರುಗಳಲ್ಲಿ ಚಿಲ್ಲರೆ ಕಾಸಿನ ಜೂಜಿನ ಯಂತ್ರಗಳ ಮುಂದೆ ಮಕ್ಕಳೂ ನಿಲ್ಲುತ್ತಿದ್ದರು. ಮುಂದೆ ಪರಿಷ್ಕೃತಗೊಂಡ ಆ ಪಟ್ಟಿಯಲ್ಲಿ ಒಂಬತ್ತು ಅಂಶಗಳಿವೆ. ಎಷ್ಟು ಸೋತೆ ಎಂಬುದು ಅದರ ಮುಖ್ಯ ಪ್ರಶ್ನೆಯಲ್ಲ. ಸೋತ ದುಡ್ಡು ಗೆಲ್ಲಲು ಇನ್ನೊಂದು ದಿನ ಮತ್ತೆ ಹೋದೆಯಾ? ಮನೆಯಲ್ಲಿ ಸುಳ್ಳು ಹೇಳಿದೆಯಾ? ಊಟದ ದುಡ್ಡನ್ನೋ ಬಸ್ಸಿನ ದುಡ್ಡನ್ನೋ ಅದಕ್ಕೆ ಸುರಿದೆಯಾ? ಹೀಗೆ ನಾಲ್ಕು ಅಂಶಗಳಿಗೆ ಹೌದು ಎಂದರೆ ಸಮಸ್ಯೆಯ ಜೂಜು. ಎರಡು ಮೂರಾದರೆ ಅಪಾಯದ ಅಂಚು. ಇದೇ ಅಳತೆಗೋಲಿನಿಂದ ಬ್ರಿಟನ್ನಿನ ಜೂಜು ಆಯೋಗ 11ರಿಂದ 17 ವರ್ಷದವರನ್ನು ಸಮೀಕ್ಷೆ ಮಾಡಿದಾಗ ಸಮಸ್ಯೆಯಿದ್ದವರು 2023ರಲ್ಲಿ ಶೇ 0.7, 2024ರಲ್ಲಿ ಶೇ 1.5.

ಈ ಅಂಕಿಗಳನ್ನು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. ಅಮೆರಿಕದ ಮಿನೆಸೋಟದಲ್ಲಿ 1993ರಲ್ಲಿ ರೂಪುಗೊಂಡ ಇನ್ನೊಂದು ಪ್ರಸಿದ್ಧ ಪ್ರಶ್ನಾವಳಿಯನ್ನು ಕೆನಡಾದ ಕ್ವಿಬೆಕ್‌ನಲ್ಲಿ ರಾಬರ್ಟ್ ಲಾಡುಸರ್ ತಂಡ ಪರೀಕ್ಷಿಸಿತು. ಎಷ್ಟೋ ಮಕ್ಕಳಿಗೆ ಪ್ರಶ್ನೆಯೇ ಸರಿಯಾಗಿ ಅರ್ಥವಾಗಿರಲಿಲ್ಲ. ಬಿಡಿಸಿ ಹೇಳಿ ಮತ್ತೆ ಕೇಳಿದಾಗ ಜೂಜುಕೋರರ ಸಂಖ್ಯೆ ಇಳಿಯಿತು. ಇಂಥ ಪ್ರಶ್ನಾವಳಿ ಜರಡಿ ಮಾತ್ರ. ಅದರಲ್ಲಿ ಉಳಿದ ಮಗುವಿನ ಜೊತೆ ತಿಳಿದವರು ಕೂತು ಮಾತಾಡಿದ ಮೇಲಷ್ಟೇ ಕಾಯಿಲೆಯ ಹೆಸರು ಹೇಳಬಹುದು.

ನಮ್ಮ ಕಡೆ ಹೊಸತೊಡಕಿನ ದಿನ ಇಸ್ಪೀಟು ಆಡುವವರ ಪಕ್ಕ ಮಕ್ಕಳು ಕೂತು ಎಲೆ ನೋಡುವುದನ್ನು ಯಾರೂ ಜೂಜೆಂದು ಎಣಿಸುವುದಿಲ್ಲ. ಐಪಿಎಲ್ ಬಂತೆಂದರೆ ಗೆಳೆಯರ ನಡುವಿನ ಬೆಟ್ಟಿಂಗ್ ಕೂಡ ಹಾಗೆಯೇ. ‘ಜೂಜಾಡಿದ್ದೀಯಾ’ ಎಂದರೆ ಹುಡುಗ ಪ್ರಾಮಾಣಿಕವಾಗಿಯೇ ‘ಇಲ್ಲ ಸಾರ್’ ಎನ್ನುತ್ತಾನೆ. ಮ್ಯಾಚಿಗೆ, ಗೇಮಿಗೆ, ಎಲೆಗೆ ದುಡ್ಡು ಕಟ್ಟಿದ್ದೆಯಾ ಎಂದು ಒಂದೊಂದನ್ನೇ ಹೆಸರಿಸಿ ಕೇಳಬೇಕು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರದ ಕಾಯ್ದೆ 2025ರಲ್ಲಿ ನಿಷೇಧಿಸಿತು, ಸರಿ. ಆದರೆ ನಿಷೇಧವಾದ ಆಟವನ್ನು ಹುಡುಗ ಇನ್ನಷ್ಟು ಬಚ್ಚಿಡುತ್ತಾನೆ.

ನೆರೆಯ ಕೇರಳದಲ್ಲಿ ಎರ್ನಾಕುಲಂ ಜಿಲ್ಲೆಯ 58 ಕಾಲೇಜುಗಳ ವಿದ್ಯಾರ್ಥಿಗಳ ಅಧ್ಯಯನವೊಂದರಲ್ಲಿ ಶೇ 19.5 ಮಂದಿ ಒಮ್ಮೆಯಾದರೂ ಜೂಜಾಡಿದ್ದರು, ಶೇ 7.4 ಮಂದಿಗೆ ಅದು ಸಮಸ್ಯೆಯಾಗಿತ್ತು. ಹೆಚ್ಚು ಆಡಿದ್ದು ಸರ್ಕಾರವೇ ನಡೆಸುವ ರಾಜ್ಯದ ಲಾಟರಿ! ಸಮಸ್ಯೆಯಿದ್ದವರಲ್ಲಿ ಮಾದಕ ವಸ್ತುಗಳ ಬಳಕೆ, ಪರೀಕ್ಷೆಯಲ್ಲಿ ಫೇಲಾಗುವುದು, ಆತ್ಮಹತ್ಯೆಯ ಯೋಚನೆ ಹೆಚ್ಚು ಕಂಡವು.

ಶಾಲೆಗಳಲ್ಲಿ ಮಕ್ಕಳಿಗೆ ಇಂಥ ಪ್ರಶ್ನೆಗಳನ್ನು ಕೇಳಲೇಬೇಕು ಎನ್ನುವವರಿಗೆ ನನ್ನದೊಂದು ತಕರಾರು. ಹೆಸರು, ರೋಲ್ ನಂಬರ್ ಬರೆಸಿಕೊಂಡು ಹಾಳೆ ಹೆಡ್‌ಮಾಸ್ಟರ ಮೇಜಿಗೆ ಹೋಗುವುದಾದರೆ ಯಾವ ಮಗು ನಿಜ ಬರೆದೀತು? ಮರುದಿನ ಟಿಸಿ ಕೈಗೆ ಬರುತ್ತದೆಂಬ ಭಯ ಸಾಕು. ಎಷ್ಟು ಮಕ್ಕಳಿದ್ದಾರೆಂದು ತಿಳಿಯಬೇಕಿದ್ದರೆ ಹೆಸರೇ ಬೇಡ. ನೆರವು ಕೊಡಬೇಕಿದ್ದರೆ ಆಪ್ತಸಮಾಲೋಚಕರು ಅಪ್ಪ ಅಮ್ಮನನ್ನು ಹೊರಗೆ ಕೂರಿಸಿ, ಹುಡುಗನೊಬ್ಬನನ್ನೇ ಕೇಳಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಗೇಮಿಂಗ್ ಗೀಳಿಗೆಂದೇ 2014ರಿಂದ ಕ್ಲಿನಿಕ್ ಇದೆ. ದೂರದ ಊರಿನವರು 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯವರು ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತಾಡುತ್ತಾರೆ.