ಸಿಂಗಪುರಕ್ಕೆ ಹೊರಟ ಹಿರಿಯರ ಕೈಚೀಲ

ಭತ್ತದ ಕಟಾವು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಸಿರಿಗೇರಿ, ತೆಕ್ಕಲಕೋಟೆ, ಸಿರುಗುಪ್ಪ ಕಡೆಯ ಹಿರಿಯರು ತೀರ್ಥಯಾತ್ರೆಗೆ ಹೊರಡುವುದು ಹಳೆಯ ರೂಢಿ. ಈಗ ಆ ಪಟ್ಟಿಗೆ ಸಿಂಗಪುರವೂ ಸೇರಿದೆ. ಮಗನೋ ಮಗಳೋ ಅಲ್ಲಿ ನೌಕರಿಯಲ್ಲಿರುತ್ತಾರೆ, ಮೊಮ್ಮಗು ಹುಟ್ಟಿರುತ್ತದೆ, ಟಿಕೆಟ್ ಬಂದುಬಿಡುತ್ತದೆ. ವೀಸಾ, ಪಾಸ್‌ಪೋರ್ಟು ಮಕ್ಕಳ ಜವಾಬ್ದಾರಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಮನೆಯ ಹೆಂಗಸರ ಜವಾಬ್ದಾರಿ. ಹೊರಡುವವರ ಸಕ್ಕರೆ ಕಾಯಿಲೆ ಮತ್ತು ಬಿ.ಪಿ. ಮಾತ್ರ ಯಾರ ಪಟ್ಟಿಯಲ್ಲೂ ಇರುವುದಿಲ್ಲ.

"ಡಾಕ್ಟ್ರೇ, ನಾಳೆ ವಿಮಾನ, ಎರಡು ತಿಂಗಳ ಗುಳಿಗೆ ಬರೆದುಕೊಡಿ" ಎಂದು ಹಿಂದಿನ ಸಂಜೆ ಬಂದರೆ ವೈದ್ಯರು ಬರೆದುಕೊಡಬಹುದೇ ಹೊರತು ಬೇರೇನೂ ಮಾಡಲಾರರು. ಏರಿದ ರಕ್ತದೊತ್ತಡ ಹತೋಟಿಗೆ ಬರಲು ವಾರಗಳು ಬೇಕು. ಫ್ಲೂ ಲಸಿಕೆ ಫಲ ಕೊಡಲು ಸುಮಾರು ಎರಡು ವಾರ ಬೇಕು. ಹೊಸ ಮಾತ್ರೆಯ ಗುಣಾವಗುಣಗಳನ್ನು ಊರಿನಲ್ಲೇ ಕಾಣಬೇಕು, ಆಕಾಶದಲ್ಲಲ್ಲ. ಆದ್ದರಿಂದ ಒಂದು ತಿಂಗಳು ಮೊದಲೇ ಬಂದು ಸಕ್ಕರೆ, ಬಿ.ಪಿ., ಹೃದಯ, ಕಾಲು ಎಲ್ಲವನ್ನೂ ತೋರಿಸಿಕೊಳ್ಳಿ.

ಔಷಧಗಳೆಲ್ಲ ನಿಮ್ಮ ಕೈಚೀಲದಲ್ಲೇ ಇರಲಿ. ನಮ್ಮ ಕಡೆಯ ಅರವತ್ತೆಂಟರ ಹಿರಿಯರೊಬ್ಬರು ಇನ್ಸುಲಿನ್ ಸಮೇತ ಎಲ್ಲವನ್ನೂ ದೊಡ್ಡ ಪೆಟ್ಟಿಗೆಯಲ್ಲಿಟ್ಟು ವಿಮಾನದ ಕಂಪನಿಗೆ ಒಪ್ಪಿಸಿದರು. ಅವರು ಸಿಂಗಪುರ ತಲುಪಿದರು. ಪೆಟ್ಟಿಗೆ ತಲುಪಿದ್ದು ಮೂರನೆಯ ದಿನ. ನಮ್ಮ ಮೆಡಿಕಲ್ ಶಾಪಿನಂತೆ ಖಾಲಿ ಸ್ಟ್ರಿಪ್ ತೋರಿಸಿದರೆ ಅಲ್ಲಿ ಇನ್ಸುಲಿನ್ ಕೊಡುವುದಿಲ್ಲ, ಅಲ್ಲಿನ ವೈದ್ಯರ ಚೀಟಿ ಬೇಕು. ಮೊದಲ ದಿನ "ಏನೂ ಆಗಲ್ಲ ಬಿಡು" ಎಂದು ಸುಮ್ಮನಿದ್ದರು. ಎರಡನೆಯ ದಿನ ವಾಂತಿ, ಸುಸ್ತು. ಸಕ್ಕರೆ ನಾನೂರು ದಾಟಿತ್ತು. ಆಸ್ಪತ್ರೆಗೆ ಸೇರಿಸಿ ಉಳಿಸಿಕೊಂಡರು ನಿಜ, ಆದರೆ ಮೊಮ್ಮಗುವನ್ನು ಎತ್ತಿಕೊಳ್ಳಲು ಹೋದವರು ಮೊದಲ ವಾರವನ್ನು ಡ್ರಿಪ್ ಹಾಕಿಸಿಕೊಂಡು ಕಳೆದರು. ಪೆಟ್ಟಿಗೆ ಬಂದ ಮೇಲೂ ಅದರೊಳಗಿನ ಇನ್ಸುಲಿನ್ನನ್ನು ಹಾಗೆಯೇ ಬಳಸುವಂತಿರಲಿಲ್ಲ. ವಿಮಾನದ ಸರಕಿನ ಜಾಗದಲ್ಲಿ ಅದು ಹೆಪ್ಪುಗಟ್ಟಬಹುದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು.

ಮಾತ್ರೆಗಳನ್ನು ಬಿಡಿಸಿ ಸುಣ್ಣದ ಡಬ್ಬಿಯಲ್ಲೋ ಕಾಗದದ ಪೊಟ್ಟಣದಲ್ಲೋ ಒಯ್ಯಬೇಡಿ, ಸ್ಟ್ರಿಪ್ಪಿನಲ್ಲೇ ಇರಲಿ. ವೈದ್ಯರ ಚೀಟಿಯಲ್ಲಿ ಕಂಪನಿಯ ಹೆಸರಿನ ಜೊತೆಗೆ ಮೂಲ ಔಷಧದ ಹೆಸರನ್ನೂ, ಅಂದರೆ ಮೆಟ್‌ಫಾರ್ಮಿನ್, ಅಮ್ಲೋಡಿಪಿನ್ ಎಂಬುದನ್ನೂ, ಬಿಡಿಸಿದ ಅಕ್ಷರದಲ್ಲಿ ಬರೆಸಿಕೊಳ್ಳಿ. ಸಿಂಗಪುರಕ್ಕೆ ಸ್ವಂತ ಬಳಕೆಯ ಔಷಧವನ್ನು ಮೂರು ತಿಂಗಳಿಗೆ ಆಗುವಷ್ಟು ಮಾತ್ರ ಒಯ್ಯಬಹುದು. ನಿದ್ರೆಗೆಂದು ನುಂಗುವ ಡಯಾಜೆಪಾಮ್‌ನಂಥ ಗುಳಿಗೆ, ಕೋಡೀನ್ ಇರುವ ಕೆಮ್ಮಿನ ಸಿರಪ್ಪು, ಕೆಲವು ನೋವಿನ ಮಾತ್ರೆಗಳಿಗೆ ಅಲ್ಲಿನ ಆರೋಗ್ಯ ವಿಜ್ಞಾನ ಪ್ರಾಧಿಕಾರದ ಅನುಮತಿಯನ್ನು ಮೊದಲೇ ಪಡೆಯಬೇಕಾಗಬಹುದು. ಮಕ್ಕಳಿಗೆ ಔಷಧಗಳ ಪಟ್ಟಿ ಕಳಿಸಿ ವಿಚಾರಿಸಲು ಹೇಳಿ. ಬಾಯಲ್ಲಿ ಹಾಕಿ ಅಗಿಯುವ ತಂಬಾಕು ಅಲ್ಲಿ ನಿಷಿದ್ಧ. ಪಾಯಸಕ್ಕೆ ಹಾಕುವ ನಮ್ಮ ಗಸಗಸೆಯೂ ನಿಷಿದ್ಧ! ಬಾಣಂತಿಗೆಂದು ಗಸಗಸೆ ಕಟ್ಟಿಕೊಡುವ ಅಜ್ಜಿಯರು ದಯವಿಟ್ಟು ಗಮನಿಸಬೇಕು.

ಇನ್ನು ಪ್ರಯಾಣ. ಬೆಂಗಳೂರಿನಿಂದ ಸಿಂಗಪುರಕ್ಕೆ ವಿಮಾನದಲ್ಲಿ ನಾಲ್ಕೂವರೆ ತಾಸಿನ ದಾರಿ. ಆದರೆ ನಮ್ಮವರ ಪ್ರಯಾಣ ಶುರುವಾಗುವುದು ದೇವನಹಳ್ಳಿಯಲ್ಲಲ್ಲ, ಸಿರಿಗೇರಿಯ ಬಸ್ ನಿಲ್ದಾಣದಲ್ಲಿ. ಮುನ್ನೂರು ಕಿಲೊಮೀಟರಿಗೂ ಮೀರಿದ ರಾತ್ರಿ ಬಸ್ಸು, ವಿಮಾನ ನಿಲ್ದಾಣದಲ್ಲಿ ಮೂರು ನಾಲ್ಕು ತಾಸು ಕಾಯುವಿಕೆ, ಆಮೇಲೆ ವಿಮಾನ. ಈ ಇಡೀ ಹೊತ್ತು ನಮ್ಮ ಹೆಣ್ಣುಮಕ್ಕಳು ನೀರು ಕುಡಿಯುವುದಿಲ್ಲ. ಬಸ್ಸು ಎಲ್ಲಿ ನಿಲ್ಲುತ್ತದೋ, ಶೌಚಾಲಯ ಹೇಗಿರುತ್ತದೋ ಎಂಬ ಸಂಕೋಚ. ಅದರ ಮೇಲೆ ಬಿ.ಪಿ. ಮಾತ್ರೆಯನ್ನೂ ಬಿಡುತ್ತಾರೆ, ಮೂತ್ರ ಹೆಚ್ಚಾಗುತ್ತದೆಂದು. ಹೆಸರಿನ ಕೊನೆಗೆ 'ಎಚ್' ಇರುವ ಅನೇಕ ಬಿ.ಪಿ. ಮಾತ್ರೆಗಳು ಮೂತ್ರ ಹೆಚ್ಚಿಸುವುದು ನಿಜ. ಅದಕ್ಕೆ ಪರಿಹಾರ ಮಾತ್ರೆ ಬಿಡುವುದಲ್ಲ, ಯಾವ ಹೊತ್ತಿಗೆ ನುಂಗಬೇಕೆಂದು ವೈದ್ಯರನ್ನು ಕೇಳುವುದು. ನೀರು ಕಡಿಮೆಯಾಗಿ ತಾಸುಗಟ್ಟಲೆ ಕಾಲು ಇಳಿಬಿಟ್ಟು ಕೂತರೆ ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಆ ಗರಣೆ ಶ್ವಾಸಕೋಶಕ್ಕೂ ಹೋಗಬಹುದು. ಎರಡು ತಾಸಿಗೊಮ್ಮೆ ಎದ್ದು ಓಡಾಡಿ, ಕೂತಲ್ಲೇ ಪಾದಗಳನ್ನು ಮೇಲೆ ಕೆಳಗೆ ಆಡಿಸಿ. ಸಾಧ್ಯವಿದ್ದರೆ ಒಂದು ದಿನ ಮುಂಚೆ ಬೆಂಗಳೂರಿನ ನೆಂಟರ ಮನೆಗೆ ಹೋಗಿ ಮಲಗಿ ಎದ್ದು ಹೊರಡಿ. ಮಂಡಿನೋವಿನವರು ಗಾಲಿಕುರ್ಚಿ ಬೇಕೆಂದು ಟಿಕೆಟ್ ಮಾಡಿಸುವಾಗಲೇ ಹೇಳಿಸಿ, ಅದರಲ್ಲಿ ನಾಚಿಕೆಯೇನೂ ಇಲ್ಲ.

ಸಿಂಗಪುರದ ಗಡಿಯಾರ ನಮಗಿಂತ ಎರಡೂವರೆ ತಾಸು ಮುಂದೆ. ದಿನಕ್ಕೊಮ್ಮೆ ನುಂಗುವ ಬಹುತೇಕ ಬಿ.ಪಿ. ಮಾತ್ರೆಗಳಿಗೆ ಇಷ್ಟು ವ್ಯತ್ಯಾಸ ಲೆಕ್ಕವಲ್ಲ. ಊಟದ ಇನ್ಸುಲಿನ್ ಮಾತ್ರ ಗಡಿಯಾರ ನೋಡಿ ಅಲ್ಲ, ಊಟದ ತಟ್ಟೆ ಎದುರಿಗೆ ಬಂದ ಮೇಲೆ ಚುಚ್ಚಿಕೊಳ್ಳಿ. ವಿಮಾನದಲ್ಲಿ ಊಟ ಯಾವಾಗ ಬರುತ್ತದೆಂದು ಹೇಳಲಾಗದು. ಜೇಬಿನಲ್ಲಿ ಗ್ಲೂಕೋಸ್ ಅಥವಾ ನಾಲ್ಕು ಪೆಪ್ಪರಮಿಂಟು ಇರಲಿ.

ಬಳ್ಳಾರಿಯ ನಲವತ್ತೆರಡು ಡಿಗ್ರಿ ಕಂಡವರಿಗೆ ಸಿಂಗಪುರದ ಮೂವತ್ತೆರಡು ಯಾವ ಲೆಕ್ಕ ಎನ್ನುವವರಿದ್ದಾರೆ. ಇದು ತಪ್ಪು ಲೆಕ್ಕ. ನಮ್ಮದು ಒಣ ಬಿಸಿಲು. ಬೆವರು ಆರುತ್ತಲೇ ಮೈ ತಂಪಾಗುತ್ತದೆ. ಸಮಭಾಜಕ ವೃತ್ತದ ಮಗ್ಗುಲಲ್ಲಿರುವ ಆ ಊರಿನ ಗಾಳಿಯಲ್ಲಿ ಸದಾ ತೇವ. ಬೆವರು ಸುರಿಯುತ್ತದೆ, ಆರುವುದಿಲ್ಲ, ಮೈಯ ಬಿಸಿ ಒಳಗೇ ಉಳಿಯುತ್ತದೆ. ಮೊದಲ ನಾಲ್ಕೈದು ದಿನ ಬೆಳಿಗ್ಗೆ, ಸಂಜೆ ಮಾತ್ರ ಸುತ್ತಾಡಿ. ನಲ್ಲಿಯ ನೀರು ಅಲ್ಲಿ ಕುಡಿಯಲು ಯೋಗ್ಯ. ಬ್ಯಾಂಕಾಕಿಗೆ ಹೋದವರು ಬಾಟಲಿ ನೀರನ್ನೇ ಕುಡಿಯುವುದು ಕ್ಷೇಮ.

ಅಲ್ಲಿ ನಡಿಗೆಯೂ ಬಹಳ. ಊರಲ್ಲಿ ಚಪ್ಪಲಿ ಮೆಟ್ಟಿ ರೂಢಿಯಾದವರಿಗೆ ಮಕ್ಕಳು ಹೊಸ ಬೂಟು ಕೊಡಿಸುತ್ತಾರೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿದ್ದರೆ ಬೂಟು ಕಚ್ಚಿದ್ದು ತಿಳಿಯುವುದೇ ಇಲ್ಲ, ಬೊಬ್ಬೆ ಹುಣ್ಣಾಗುತ್ತದೆ. ಬೂಟನ್ನು ಇಲ್ಲೇ ಕೊಂಡು ಎರಡು ವಾರ ಮೆಟ್ಟಿ ಪಳಗಿಸಿ, ದಿನಾ ರಾತ್ರಿ ಪಾದ ನೋಡಿಕೊಳ್ಳಿ.

ಅಷ್ಟು ಸ್ವಚ್ಛ ಊರಿನಲ್ಲಿ ಸೊಳ್ಳೆಯೇ ಎಂದು ಕೇಳಬೇಡಿ. 2020ರಲ್ಲಿ ಸಿಂಗಪುರದಲ್ಲಿ 35 ಸಾವಿರಕ್ಕೂ ಹೆಚ್ಚು ಮಂದಿಗೆ ಡೆಂಗಿ ತಗುಲಿತ್ತು. ಡೆಂಗಿಯ ಸೊಳ್ಳೆ ಹಗಲು ಕಚ್ಚುತ್ತದೆ. ತುಂಬುತೋಳಿನ ಬಟ್ಟೆ, ಮೈಗೆ ಹಚ್ಚುವ ಸೊಳ್ಳೆ ಮುಲಾಮು ಬೇಕು. ಜ್ವರ ಬಂದರೆ ಪ್ಯಾರಸಿಟಮಾಲ್ ಮಾತ್ರ. ಬ್ರುಫೆನ್, ಆಸ್ಪಿರಿನ್ ನುಂಗಿದರೆ ರಕ್ತಸ್ರಾವದ ಅಪಾಯ. ಹೃದಯಕ್ಕೆಂದು ದಿನವೂ ಆಸ್ಪಿರಿನ್ ತೆಗೆದುಕೊಳ್ಳುವವರು ಅದನ್ನು ತಾವಾಗಿ ನಿಲ್ಲಿಸದೆ ಕೂಡಲೇ ವೈದ್ಯರಿಗೆ ತಿಳಿಸಲಿ.

ಅಲ್ಲಿನ ಆಸ್ಪತ್ರೆಗಳು ಉತ್ತಮ, ಆದರೆ ಹೊರದೇಶದವರಿಗೆ ಬಿಲ್ಲು ಪೂರ್ತಿ. ನಮ್ಮ ಆಯುಷ್ಮಾನ್ ಕಾರ್ಡು ಅಲ್ಲಿ ನಡೆಯದು. ಪ್ರವಾಸ ವಿಮೆ ಮಾಡಿಸುವಾಗ ಸಕ್ಕರೆ, ಬಿ.ಪಿ., ಹಿಂದೆ ಹಾಕಿಸಿದ ಸ್ಟೆಂಟ್ ಯಾವುದನ್ನೂ ಮುಚ್ಚಿಡಬೇಡಿ. ನಾಲ್ಕು ಕಾಸು ಉಳಿಸಲು ಏಜೆಂಟರು "ಏನೂ ಇಲ್ಲ ಅಂತ ಬರೀರಿ" ಎನ್ನುವುದುಂಟು. ಮುಚ್ಚಿಟ್ಟ ಕಾಯಿಲೆಗೆ ಕಂಪನಿ ಹಣ ಕೊಡುವುದಿಲ್ಲ, ಹೊಲ ಮಾರುವ ಪ್ರಸಂಗ ಬಂದೀತು. ಅಲ್ಲಿನ ಆಂಬುಲೆನ್ಸ್ ಸಂಖ್ಯೆ 995. ಮಕ್ಕಳು ಕೆಲಸಕ್ಕೆ ಹೋದಾಗ ಮನೆಯಲ್ಲಿ ಒಬ್ಬರೇ ಇರುವವರು ಇದನ್ನೂ, ಆ ಮನೆಯ ವಿಳಾಸವನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿಕೊಳ್ಳಲಿ.

ಊರಿಗೆ ಮರಳಿದ ಎರಡು ವಾರದೊಳಗೆ ಜ್ವರ ಬಂದರೆ ವೈದ್ಯರು ಕೇಳುವ ಮುನ್ನವೇ ಸಿಂಗಪುರಕ್ಕೆ ಹೋಗಿದ್ದೆನೆಂದು ಹೇಳಿ, ಸೊಳ್ಳೆ ಪರದೆಯೊಳಗೆ ಮಲಗಿ. ಅದೇ ಜಾತಿಯ ಸೊಳ್ಳೆ ನಮ್ಮ ಓಣಿಯ ನೀರಿನ ತೊಟ್ಟಿಗಳಲ್ಲೂ ಇದೆ.